ಫೋಟೋ ಎಡಿಟಿಂಗ್‌ಗೆ ಲ್ಯಾಪ್‌ಟಾಪ್: ಇರೋ ದುಡ್ಡನ್ನೆಲ್ಲ ಅದಕ್ಕೇ ಹಾಕಬೇಡಿ

ವಿಜಯವಾಡ, ವಿಶಾಖಪಟ್ಟಣದ ಕಡೆ ಐಟಿ ಕೆಲಸದಲ್ಲಿರೋ ನಮ್ಮ ಕನ್ನಡದವರು ನನ್ನನ್ನ ಪದೇಪದೇ ಕೇಳೋ ಪ್ರಶ್ನೆ ಒಂದೇ. "ಕ್ಯಾಮೆರಾ ತಗೊಂಡಾಯ್ತು, ಕೈಯಲ್ಲಿ ಒಂದು ಲಕ್ಷ ಇದೆ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ನನ್ನ ಉತ್ತರ ಸುಲಭ: 80 ಸಾವಿರಕ್ಕೆ ಲ್ಯಾಪ್‌ಟಾಪ್ ನೋಡಿ, 20 ಸಾವಿರ ಡ್ರೈವ್‌ಗಳಿಗೆ ಅಂತ ಎತ್ತಿಡಿ. ಯಾಕೆ ಅನ್ನೋದನ್ನ ಇವತ್ತು ಬಿಡಿಸಿ ಹೇಳ್ತೀನಿ.

ಲೆಕ್ಕಕ್ಕೆ ನಮ್ಮೂರಿನದೇ ಉದಾಹರಣೆ ತಗೊಳ್ಳೋಣ. ದಸರಾ ಸಮಯದಲ್ಲಿ ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟ. ಮೇಲೆ ಕನಕದುರ್ಗಮ್ಮನ ಗುಡಿ, ಕೆಳಗೆ ಕೃಷ್ಣಾ ನದಿ, ಪಕ್ಕದಲ್ಲಿ ಪ್ರಕಾಶಂ ಬ್ಯಾರೇಜ್. ಬೆಟ್ಟದ ತುಂಬ ದೀಪ, ಘಾಟ್ ತುಂಬ ಕೆಂಪು ಬಟ್ಟೆ ತೊಟ್ಟ ಭವಾನಿ ಭಕ್ತರು. ಒಂದು ಸಂಜೆ ನದಿ ದಡದಲ್ಲಿ ನಿಂತ್ರೆ 800 ಫೋಟೋ ತೆಗೆಯೋದು ದೊಡ್ಡ ವಿಷಯವೇ ಅಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ರಾ ಫೈಲ್ ಸುಮಾರು 30 ಎಂಬಿ ಅಂತ ಇಟ್ಕೊಳ್ಳಿ. 800 ಫೋಟೋಗೆ 24 ಜಿಬಿ ಆಯ್ತು. ವರ್ಷಕ್ಕೆ ಇಂಥ 40 ಸಂಜೆ ಆದ್ರೆ ಹತ್ತಿರ ಹತ್ತಿರ 1 ಟಿಬಿ. ಈ ಲೆಕ್ಕ ನೆನಪಿರಲಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಸ್ಕ್ರೀನ್. ಅಂಗಡಿಯವರು ಪ್ರೊಸೆಸರ್ ಬಗ್ಗೆ ಹತ್ತು ನಿಮಿಷ ಮಾತಾಡ್ತಾರೆ, ಸ್ಕ್ರೀನ್ ಬಗ್ಗೆ ಹತ್ತು ಸೆಕೆಂಡೂ ಮಾತಾಡಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳ ವಿವರದಲ್ಲಿ "45% ಎನ್‌ಟಿಎಸ್‌ಸಿ" ಅಂತ ಇರುತ್ತೆ. ಅಂದ್ರೆ ಇಂಟರ್‌ನೆಟ್‌ನಲ್ಲಿ ಎಲ್ಲರೂ ಬಳಸೋ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಶೇ. 60 ಚಿಲ್ಲರೆ ಮಾತ್ರ ಆ ಸ್ಕ್ರೀನ್‌ಗೆ ಸಾಧ್ಯ. ಅಂಥದ್ರಲ್ಲಿ ಭವಾನಿ ಭಕ್ತರ ಕೆಂಪು ಮಂಕಾಗಿ, ಇಟ್ಟಿಗೆ ಬಣ್ಣದ ಹಾಗೆ ಕಾಣುತ್ತೆ. ನೀವು ಸ್ಯಾಚುರೇಶನ್ ಏರಿಸ್ತೀರಿ. ಊರಲ್ಲಿ ಅಕ್ಕ ಅದನ್ನ ಒಳ್ಳೇ ಫೋನ್‌ನಲ್ಲಿ ನೋಡಿದ್ರೆ ಕಣ್ಣಿಗೆ ರಾಚೋ ಕೆಂಪು! ಅದಕ್ಕೇ ಹೇಳೋದು: 100% ಎಸ್‌ಆರ್‌ಜಿಬಿ ಅಂತ ಬರೆದಿರೋ ಐಪಿಎಸ್ ಅಥವಾ ಓಎಲ್‌ಇಡಿ ಸ್ಕ್ರೀನ್ ಬೇಕೇ ಬೇಕು. ಇದೊಂದನ್ನ ಆಮೇಲೆ ಬದಲಾಯಿಸೋಕೆ ಸುಲಭ ಇಲ್ಲ.

ಎರಡನೇದು ರ‍್ಯಾಮ್. ಲೈಟ್‌ರೂಮ್, ಫೋಟೋಶಾಪ್‌ಗೆ 16 ಜಿಬಿಗಿಂತ ಕಡಿಮೆ ಬೇಡ. ಬೆಟ್ಟ, ಬ್ಯಾರೇಜ್ ಎರಡೂ ಬರೋ ಹಾಗೆ ಎಂಟು ಹತ್ತು ಫೋಟೋ ಜೋಡಿಸಿ ಪನೋರಮಾ ಮಾಡೋರಾದ್ರೆ 32 ಜಿಬಿ ಒಳ್ಳೇದು. ತಗೊಳ್ಳೋ ಮುಂಚೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದಾರಾ, ಇನ್ನೊಂದು ಸ್ಲಾಟ್ ಇದೆಯಾ ಕೇಳಿ. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮ್ ಆಮೇಲೆ ಹಾಕೋಕೇ ಆಗಲ್ಲ, ಮೊದಲೇ ತೀರ್ಮಾನ ಮಾಡ್ಬೇಕು.

ಮೂರನೇದು ಗ್ರಾಫಿಕ್ಸ್. ರಾತ್ರಿ ಫೋಟೋದಲ್ಲಿ ಐಎಸ್‌ಓ ಏರಿಸಿದಷ್ಟೂ ಕಾಳುಕಾಳು ಜಾಸ್ತಿ. ಅದನ್ನ ತೆಗೆಯೋ ಎಐ ಡಿನಾಯ್ಸ್ ಮುಖ್ಯವಾಗಿ ಓಡೋದು ಗ್ರಾಫಿಕ್ಸ್ ಚಿಪ್ ಮೇಲೆ. ಅದನ್ನ ದಿನಾ ಬಳಸೋರು ಮಾತ್ರ ಪ್ರತ್ಯೇಕ ಗ್ರಾಫಿಕ್ಸ್‌ಗೆ ದುಡ್ಡು ಕೊಡಿ. ಬೆಳಕು, ಬಣ್ಣ, ಕ್ರಾಪ್ ಇಷ್ಟೇ ಆದ್ರೆ ಬೇಡ, ಆ ದುಡ್ಡು ಸ್ಕ್ರೀನ್‌ಗೆ ಹೋಗಲಿ. ಇನ್ನೊಂದು ಮಾತು: ನಮ್ಮ ಕಡೆ ಮೇ ತಿಂಗಳ ಬಿಸಿಲು ನಿಮಗೇ ಗೊತ್ತು. ತೆಳ್ಳಗಿರೋ ಲ್ಯಾಪ್‌ಟಾಪ್ ಬಿಸಿಯಾದಾಗ ತಾನೇ ವೇಗ ಇಳಿಸ್ಕೊಳ್ಳುತ್ತೆ. ಗಾಳಿ ಚೆನ್ನಾಗಿ ಆಡೋ ಬಾಡಿ ನೋಡಿ, ಹಾಸಿಗೆ ಮೇಲಿಟ್ಟು ಕೆಲಸ ಮಾಡಬೇಡಿ.

ಒಳಗಿನ ಎಸ್‌ಎಸ್‌ಡಿ 1 ಟಿಬಿ ಇರಲಿ. ಲೈಟ್‌ರೂಮ್ ಕ್ಯಾಟಲಾಗ್, ಪ್ರಿವ್ಯೂ, ಈಗ ಕೆಲಸ ನಡೀತಿರೋ ಫೋಟೋ ಎಲ್ಲ ಅದರಲ್ಲೇ. ಲ್ಯಾಪ್‌ಟಾಪ್‌ನಲ್ಲಿ 512 ಜಿಬಿ ಮಾತ್ರ ಇದ್ರೆ ಹೊರಗೊಂದು ಎಸ್‌ಎಸ್‌ಡಿ ಬೇಕಾಗುತ್ತೆ. ಅದನ್ನ ತಗೊಂಡ್ರೆ ಕೇಬಲ್ ಮೇಲೆ ಕಣ್ಣಿಡಿ. ಫೋನ್ ಚಾರ್ಜರ್ ಜೊತೆ ಬರೋ ಟೈಪ್-ಸಿ ಕೇಬಲ್‌ಗಳು ಎಷ್ಟೋ ಸಲ ಯುಎಸ್‌ಬಿ 2.0. ಸೆಕೆಂಡಿಗೆ 1000 ಎಂಬಿ ಓದೋ ಎಸ್‌ಎಸ್‌ಡಿಗೆ ಅಂಥ ಕೇಬಲ್ ಹಾಕಿದ್ರೆ ಸಿಗೋದು 40 ಎಂಬಿ. ನಮ್ಮ 24 ಜಿಬಿಗೆ ಹತ್ತು ನಿಮಿಷ. ಡಬ್ಬಿಯಲ್ಲಿ ಬಂದ ಕೇಬಲ್ಲೇ ಬಳಸಿ. ಹಾಗೇ ಸಾಧಾರಣ ಯುಎಚ್‌ಎಸ್-1 ಕಾರ್ಡ್‌ನಿಂದ ಸೆಕೆಂಡಿಗೆ ನೂರು ಎಂಬಿ ಆಸುಪಾಸಿಗಿಂತ ಹೆಚ್ಚು ಬರಲ್ಲ, ಎಷ್ಟೇ ದುಬಾರಿ ಎಸ್‌ಎಸ್‌ಡಿ ತಗೊಂಡ್ರೂ.

ಈಗ ಆ 20 ಸಾವಿರದ ವಿಷಯಕ್ಕೆ ಬರೋಣ. 2024ರ ಸೆಪ್ಟೆಂಬರ್ ಮೊದಲ ವಾರ ವಿಜಯವಾಡದಲ್ಲಿದ್ದೋರಿಗೆ ಹೇಳಬೇಕಾಗಿಲ್ಲ. ಬುಡಮೇರು ಉಕ್ಕಿ ಸಿಂಗ್ ನಗರದ ಕಡೆ ಮನೆಗಳೊಳಗೆ ನೀರು ನುಗ್ಗಿ ದಿನಗಟ್ಟಲೆ ನಿಂತಿತ್ತು. ಅದೇ ಹೊತ್ತಿಗೆ ಪ್ರಕಾಶಂ ಬ್ಯಾರೇಜ್‌ನಿಂದ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರೀತಿತ್ತು. ವಿಶಾಖಪಟ್ಟಣದವರು 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತ ನೋಡಿದ್ದಾರೆ. ಇಂಥ ಹೊತ್ತಲ್ಲಿ ಲ್ಯಾಪ್‌ಟಾಪ್ ಮೇಜಿನ ಮೇಲೆ, ಬ್ಯಾಕಪ್ ಡ್ರೈವ್ ಅದೇ ಮೇಜಿನ ಡ್ರಾಯರ್‌ನಲ್ಲಿದ್ರೆ ಎರಡೂ ಒಟ್ಟಿಗೇ ಹೋಗುತ್ತೆ. ಲ್ಯಾಪ್‌ಟಾಪ್ ಕಂತಿನಲ್ಲಿ ಇನ್ನೊಂದು ಬರುತ್ತೆ. ನಮ್ಮ ಅಪ್ಪ ಅಮ್ಮ ಕೃಷ್ಣೆಯ ಘಾಟ್‌ನಲ್ಲಿ, ಬೆನ್ನ ಹಿಂದೆ ಇಂದ್ರಕೀಲಾದ್ರಿ ಬರೋ ಹಾಗೆ ನಿಂತಿರೋ ಫೋಟೋ ಒಂದು ನನ್ನ ಹತ್ರ ಇದೆ. ಅಪ್ಪನಿಗೆ ಈಗ ಅಷ್ಟು ದೂರ ಪ್ರಯಾಣ ಆಗಲ್ಲ. ಆ ಫೋಟೋ ಮತ್ತೆ ತೆಗೆಯೋಕೆ ಯಾವ ಕ್ಯಾಮೆರಾದಿಂದಲೂ ಸಾಧ್ಯ ಇಲ್ಲ.

ಇದಕ್ಕೆ ಫೋಟೋಗ್ರಾಫರ್‌ಗಳು ಪಾಲಿಸೋ 3-2-1 ನಿಯಮ ಇದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಕೆಲಸಕ್ಕೆ ಅಂತ ಊರು ಬಿಟ್ಟು ಬಂದಿರೋ ನಮಗೆ ಆ ಬೇರೆ ಜಾಗ ಹುಡುಕೋ ಕಷ್ಟವೇ ಇಲ್ಲ. ನಮ್ಮ ಊರೇ ಇದೆಯಲ್ಲ! ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ, 2 ಟಿಬಿಯವು. ಒಂದು ಇಲ್ಲಿ, ಒಂದು ಊರಲ್ಲಿ. ಯುಗಾದಿಗೋ ಗಣೇಶನ ಹಬ್ಬಕ್ಕೋ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಬಳ್ಳಾರಿ, ಗದಗ, ಹುಬ್ಬಳ್ಳಿ ಕಡೆ ಹೋಗುವಾಗ ಹೊಸದಾಗಿ ತುಂಬಿದ್ದನ್ನ ಒಯ್ದು, ಅಲ್ಲಿರೋ ಹಳೇದನ್ನ ವಾಪಸ್ ತನ್ನಿ. ಲ್ಯಾಪ್‌ಟಾಪ್‌ನಲ್ಲಿರೋದು ಒಂದು, ಇವೆರಡು, ಒಟ್ಟು ಮೂರಾಯ್ತು. ಲ್ಯಾಪ್‌ಟಾಪ್ ತುಂಬಿ ಹಳೇ ಫೋಟೋ ಅಳಿಸೋಕೆ ಮುಂಚೆ ಆ ಮೂರನೇ ಪ್ರತಿ ಎಲ್ಲಿ ಅಂತ ಯೋಚಿಸಿ. ಡ್ರೈವ್ ಮೇಲೆ ದಿನಾಂಕದ ಜೊತೆ "ಫೋಟೋ ಇದೆ, ಅಳಿಸಬೇಡಿ" ಅಂತ ಕನ್ನಡದಲ್ಲೇ ಬರೆದು ಅಂಟಿಸಿ. ಇಲ್ಲಾಂದ್ರೆ ತಮ್ಮ ಅದರಲ್ಲಿ ಸಿನಿಮಾ ತುಂಬಿಡ್ತಾನೆ.

ಊರಲ್ಲಿಡೋದಕ್ಕೆ ಎಸ್‌ಎಸ್‌ಡಿ ಯಾಕೆ ಬೇಡ ಅಂದ್ರೆ, ಕರೆಂಟ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿಟ್ರೆ ಅದರೊಳಗಿನ ಚಾರ್ಜ್ ಸೋರಿ ಡೇಟಾ ಹಾಳಾಗಬಹುದು. ಹಾರ್ಡ್ ಡಿಸ್ಕ್‌ಗೆ ಆ ಭಯ ಕಡಿಮೆ, ಆದ್ರೆ ಬೀಳಿಸಬಾರದು. ಬ್ಯಾಗಿನಲ್ಲಿ ಬಟ್ಟೆ ಮಧ್ಯೆ ಇಡಿ.

ಎರಡು ಊರಿನ ಪ್ರಯಾಣದ ನಡುವಿನ ತಿಂಗಳುಗಳಿಗೆ ಕ್ಲೌಡ್ ಬಳಸಿ. 100 ಎಂಬಿಪಿಎಸ್ ಅಪ್‌ಲೋಡ್ ನಿಜಕ್ಕೂ ಸಿಕ್ಕರೆ 24 ಜಿಬಿಗೆ ಅರ್ಧ ಗಂಟೆ ಚಿಲ್ಲರೆ. ಎಲ್ಲವನ್ನೂ ಹಾಕೋದು ಬೇಡ, ಆರಿಸಿದ ನೂರು ಹಾಕಿ, ಒರಿಜಿನಲ್ ಕ್ವಾಲಿಟಿಯಲ್ಲೇ. ಆದ್ರೆ ಸಿಂಕ್ ಅಂದ್ರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸಿಹೋಗುತ್ತೆ.

ಐಟಿಯವರಿಗೆ ಒಂದು ಕಿವಿಮಾತು. ಆಫೀಸ್ ಲ್ಯಾಪ್‌ಟಾಪ್ ಚೆನ್ನಾಗಿದೆ ಅಂತ ಮನೆ ಫೋಟೋ ಅದರಲ್ಲಿಡಬೇಡಿ. ಕೆಲಸ ಹೋದ ದಿನ ಬೆಳಿಗ್ಗೆ ಲಾಗಿನ್ ಆಗಲ್ಲ, ಸಂಜೆಗೆ ಲ್ಯಾಪ್‌ಟಾಪ್ ವಾಪಸ್ ಕೊಡಬೇಕು. ಯುಎಸ್‌ಬಿ ಮೊದಲೇ ಬಂದ್ ಆಗಿರುತ್ತೆ. ಅದರಲ್ಲಿದ್ದ ಮಗುವಿನ ನಾಮಕರಣದ ಫೋಟೋ ಕೊಡಿ ಅಂತ ಯಾರನ್ನ ಕೇಳ್ತೀರಿ?

ಕೊನೇದಾಗಿ, ಆರು ತಿಂಗಳಿಗೊಮ್ಮೆ ಬ್ಯಾಕಪ್ ಡ್ರೈವ್ ಅನ್ನ ಬೇರೆ ಕಂಪ್ಯೂಟರ್‌ಗೆ ಹಾಕಿ, ಅಲ್ಲೊಂದು ಇಲ್ಲೊಂದು ಅಂತ ಇಪ್ಪತ್ತು ಫೋಟೋ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಬರೀ ನಂಬಿಕೆ. ಲ್ಯಾಪ್‌ಟಾಪ್ ಇನ್ನೂ ತಗೊಂಡಿಲ್ಲ ಅಂದ್ರೂ ಪರವಾಗಿಲ್ಲ, ಈ ಸಲ ಊರಿಗೆ ಹೋಗೋ ಬ್ಯಾಗಿಗೆ ಮೊದಲು ಒಂದು ಡ್ರೈವ್ ಸೇರಲಿ.