ಕೊಳವೆ ಕಂಡ ಮೇಲೆ ಔಷಧಿ ಯಾಕೆ?

ಭತ್ತದ ಗದ್ದೆಯಲ್ಲಿ ಈರುಳ್ಳಿ ಎಲೆಯಂಥ ಬೆಳ್ಳನೆಯ ಕೊಳವೆ ನೋಡಿದೀರಾ? ಅದು ಕಣೆ ನೊಣದ ಕೆಲಸ. ಸೊಳ್ಳೆಯಂತಿರೋ ಈ ನೊಣ ಮೊಟ್ಟೆ ಇಡುತ್ತೆ, ಮರಿಹುಳು ಸುಳಿಗೆ ಇಳಿದು ಒಳಗೇ ಮೇಯುತ್ತೆ. ಎಲೆಯಾಗಬೇಕಿದ್ದದ್ದು ಕೊಳವೆಯಾಗುತ್ತೆ. ಆ ತೆಂಡೆಯಲ್ಲಿ ಇನ್ನು ತೆನೆ ಬರಲ್ಲ.

ನಾನು ಓದಿದ್ದು ಕಾಮರ್ಸ್, ಲೆಕ್ಕ ಹೇಳ್ತೀನಿ. ಕೊಳವೆ ಹೊರಗೆ ಕಾಣೋ ಹೊತ್ತಿಗೆ ಹುಳು ಕೋಶವಾಗಿರುತ್ತೆ, ಇಲ್ಲವೇ ತುದಿಯಲ್ಲಿ ತೂತು ಮಾಡಿ ನೊಣವಾಗಿ ಹಾರಿಹೋಗಿರುತ್ತೆ. ಆಗ ಔಷಧಿ ಹೊಡೆದರೆ ಹೋದ ತೆನೆ ವಾಪಸ್ ಬರಲ್ಲ. ಬದಲಿಗೆ, ಆ ಹುಳುವಿನೊಳಗೇ ಬೆಳೆದು ಅದನ್ನು ಕೊಲ್ಲೋ ಪ್ಲಾಟಿಗ್ಯಾಸ್ಟರ್ ಅನ್ನೋ ಪುಟ್ಟ ಕಣಜವೂ ಸಾಯಬಹುದು. ದುಡ್ಡು ನಮ್ಮದು, ಲಾಭ ನೊಣದ್ದು!

ಹಾಗಾಗಿ ಬಿತ್ತೋ ಮುಂಚೆಯೇ ನಿಮ್ಮ ಭಾಗಕ್ಕೆ ಒಗ್ಗೋ ನಿರೋಧಕ ತಳಿ ವಿಚಾರಿಸಿ. ಮುಂಗಾರಲ್ಲಿ ನಾಟಿ ತಡ ಮಾಡಬೇಡಿ.