ಹಳೇ ಮನೆ ರಿಪೇರಿ ಮಾಡಿಸಿ ಮಾರೋದು: ಬಣ್ಣಕ್ಕಿಂತ ಮುಂಚೆ ಕರಾರು

ಹಾಸನದಿಂದ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದಾನೆ. ಪಕ್ಕದ ಬೀದಿಯ ಅಜ್ಜಿಯೊಬ್ಬರಿಗೆ ಮನೆ ಮಾರ್ಬೇಕು. ಆದ್ರೆ ತಾರಸಿ ಸೋರುತ್ತೆ, ವೈರಿಂಗ್ ಹಾಳಾಗಿದೆ, ಒಳ್ಳೇ ರೇಟ್ ಬರ್ತಿಲ್ಲ. ಇವನ ಉಳಿತಾಯ 8 ಲಕ್ಷ. "ನಾನೇ ರಿಪೇರಿ ಮಾಡಿಸಿ ಮಾರ್ಲಾ? ಅಜ್ಜಿ ಜಿಪಿಎ ಬರ್ಕೊಡ್ತಾರಂತೆ" ಅಂತ ಕೇಳಿದ್ದಾನೆ.

ಮೊದಲು ಲೆಕ್ಕ ನೋಡೋಣ. ಮನೆಗೆ ಈಗ 50 ಲಕ್ಷ ಅಂತಿಟ್ಕೊಳ್ಳಿ. ರಿಪೇರಿಗೆ 8, ಬ್ರೋಕರ್‌ಗೆ 1. ಆಮೇಲೆ 64ಕ್ಕೆ ಮಾರಾಟ ಆದ್ರೆ ಉಳಿಯೋದು 5 ಲಕ್ಷ. ಇವನೇ ಮೊದಲು ಕೊಂಡ್ಕೊಂಡ್ರೆ? ಕರ್ನಾಟಕದಲ್ಲಿ ಈ ಬೆಲೆಗೆ ಮುದ್ರಾಂಕ ಶುಲ್ಕ ಶೇ 5, ನೋಂದಣಿ ಶುಲ್ಕ ಶೇ 2. ಮೂರೂವರೆ ಲಕ್ಷ ಅಲ್ಲೇ ಹೋಯ್ತು. ಸೆಸ್, ಸಾಲದ ಬಡ್ಡಿ ಬೇರೆ. ಅದಕ್ಕೇ ಜನ ಕೊಳ್ಳದೇ ಮಾರೋ ದಾರಿ ಹುಡುಕೋದು.

ಆದ್ರೆ ಬರೀ ಜಿಪಿಎ ನಂಬ್ಬೇಡಿ. ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲೇ ಹೇಳಿದೆ. ಕೊಟ್ಟವರು ತೀರಿಕೊಂಡ್ರೆ ಸಾಮಾನ್ಯವಾಗಿ ಅದರ ಕಥೆನೂ ಮುಗೀತು. ಆಮೇಲೆ ಮಕ್ಕಳು ಬಂದು "ನೀನ್ಯಾರಪ್ಪಾ?" ಅಂದ್ರೆ, ಗೋಡೆಗೆ ಹಾಕಿದ ಸಿಮೆಂಟನ್ನ ಕಿತ್ಕೊಂಡ್ ಬರೋಕಾಗುತ್ತಾ?

ನನ್ನ ಸಲಹೆ ಇಷ್ಟೇ. ಮನೆ ಅಜ್ಜಿ ಹೆಸರಲ್ಲೇ ಇರಲಿ. ಇಬ್ಬರ ಮಧ್ಯೆ ರಿಪೇರಿ ಮತ್ತು ಲಾಭ ಹಂಚಿಕೆ ಕರಾರು ಆಗ್ಲಿ. ಕೊನೆಗೆ ಕ್ರಯಪತ್ರಕ್ಕೆ ಅಜ್ಜಿನೇ ಸಹಿ ಹಾಕ್ಲಿ, ನೇರ ಹೊಸಬರಿಗೆ. ನೋಂದಣಿ ಖರ್ಚು ಒಂದೇ ಸಲ.

ಕರಾರಲ್ಲಿ ಮುಖ್ಯವಾಗಿ ಏನಿರ್ಬೇಕು? ದುಡ್ಡು ಹಂಚೋ ಕ್ರಮ. ಮೊದಲು ಅಜ್ಜಿಯ 50, ಆಮೇಲೆ ಬ್ರೋಕರ್, ಆಮೇಲೆ ಬಿಲ್ ಇರೋ ರಿಪೇರಿ ಖರ್ಚು, ಉಳಿದದ್ದು ಅರ್ಧ ಅರ್ಧ. 64 ಬಂದ್ರೆ ಇಬ್ಬರಿಗೂ ತಲಾ ಎರಡೂವರೆ ಲಕ್ಷ. 56ಕ್ಕೇ ನಿಂತ್ರೆ ಇವನ ಕೈಯಿಂದ 3 ಲಕ್ಷ ಹೋಗುತ್ತೆ. ಅದನ್ನ ತಡ್ಕೊಳ್ಳೋ ಶಕ್ತಿ ಇಲ್ಲಾಂದ್ರೆ ಕೈ ಹಾಕ್ಲೇಬೇಡಿ.

ಇನ್ನೂ ಕೆಲವು ವಿಷಯ ಬರೀರಿ. ಕೆಲಸ ನಡೆಯುವಾಗ ಅಜ್ಜಿ ಎಲ್ಲಿರ್ತಾರೆ, ಬಾಡಿಗೆ ಯಾರದ್ದು? ಆರು ತಿಂಗಳಲ್ಲಿ ಮಾರಾಟ ಆಗ್ದಿದ್ರೆ? ಅಜ್ಜಿ ಮನಸ್ಸು ಬದಲಾಯಿಸಿದ್ರೆ ರಿಪೇರಿ ದುಡ್ಡು ಹೇಗೆ, ಎಷ್ಟು ಕಂತಲ್ಲಿ ವಾಪಸ್? ಮಕ್ಕಳೆಲ್ಲ ಒಪ್ಪಿ ಸಹಿ ಹಾಕ್ಲಿ. ಕೆಲಸ ಮಾಡೋ ಅನುಮತಿ ಮಾತ್ರ ತಗೊಳ್ಳಿ, ಸ್ವಾಧೀನ ಬೇಡ. ಸ್ವಾಧೀನ ಕೊಡೋ ಕ್ರಯದ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತೆ. ಕೊಳ್ಳೋರಿಂದ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸ್ ಕ್ಯಾಶಲ್ಲಿ ತಗೊಳ್ಳೋ ಹಾಗಿಲ್ಲ, ಬ್ಯಾಂಕ್ ಮೂಲಕನೇ ಬರ್ಲಿ.

ಮೊದಲ ಇಟ್ಟಿಗೆ ತರೋ ಮುಂಚೆ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ ತೆಗೆಸಿ, ಇ-ಖಾತಾ ಅಜ್ಜಿ ಹೆಸರಲ್ಲೇ ಇದೆಯಾ ನೋಡಿ. ಮನೆ ಇನ್ನೂ ತಾತನ ಹೆಸರಲ್ಲಿದ್ರೆ ಮೇಸ್ತ್ರಿಗಿಂತ ಮೊದಲು ವಕೀಲರನ್ನ ಕರೀರಿ. ಕರಾರಿನ ಕರಡನ್ನ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ. ಅವರಿಗೆ ಅರ್ಥ ಆಗದ ಸಾಲು ಒಂದೂ ಅದರಲ್ಲಿರಬಾರದು, ಯಾಕಂದ್ರೆ ಹೋದ್ರೆ ನಿಮ್ದು 8 ಲಕ್ಷ, ಅವರದ್ದು ತಲೆ ಮೇಲಿನ ಸೂರು.

ನಿಮ್ಮೂರಲ್ಲೂ ಇಂಥ ಡೀಲ್ ನಡೆದಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.