ಇಂಜಿನ್ನಿನ ಕಿಡಿ ಮತ್ತು ಅದರ ಪರೀಕ್ಷೆ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಒಕ್ಕಲಿಗನಿಗೆ ತೊಗರಿ ಹೂವಾಡುವ ಕಾಲವು ಬಹು ನಾಜೂಕಿನದು. ಕಾಯಿಕೊರಕ ಹುಳು ಬಿದ್ದಾಗ ಔಷಧ ಸಿಂಪಡಿಸಲು ತಡಮಾಡುವಂತಿಲ್ಲ. ಅಂಥ ಹೊತ್ತಿನಲ್ಲಿ ಬೆನ್ನಮೇಲಿನ ಪೆಟ್ರೋಲ್ ಪಂಪು ಎಷ್ಟು ಹಗ್ಗ ಜಗ್ಗಿದರೂ ಚಾಲೂ ಆಗದಿದ್ದರೆ, ಕಾರಣವನ್ನರಿಯದೆ ಬಿಡಿಭಾಗಗಳನ್ನು ಕೊಳ್ಳುವುದು ನಾಡಿ ನೋಡದೆ ಮದ್ದು ಕೊಟ್ಟಂತೆಯೇ ಸರಿ.

ಪೆಟ್ರೋಲ್ ಇಂಜಿನ್ನಿಗೆ ಬೇಕಾದವು ಮೂರು: ಗಾಳಿ ಬೆರೆತ ಇಂಧನ, ಅದರ ಮೇಲೆ ಒತ್ತಡ, ತಕ್ಕ ಕ್ಷಣದಲ್ಲಿ ಕಿಡಿ. ಬಾವಿಯ ಮೇಲಿನ ಡೀಸೆಲ್ ಇಂಜಿನ್ನಿಗೆ ಕಿಡಿಯ ಹಂಗಿಲ್ಲ. ಅಲ್ಲಿ ಒತ್ತಲ್ಪಟ್ಟ ಗಾಳಿಯ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳುತ್ತದೆ.

ಬ್ಯಾಟರಿಯಿಲ್ಲದ ಈ ಪುಟ್ಟ ಯಂತ್ರಕ್ಕೆ ಕಿಡಿ ಬರುವುದೆಲ್ಲಿಂದ? 1831ರಲ್ಲಿ ಮೈಕೆಲ್ ಫ್ಯಾರಡೆಯವರು ತೋರಿಸಿದ ತತ್ತ್ವದಿಂದ. ತಿರುಗುವ ಚಕ್ರದಲ್ಲಿನ ಅಯಸ್ಕಾಂತವು ತಂತಿಸುರುಳಿಯ ಬಳಿ ಹಾಯುವಾಗ ವಿದ್ಯುತ್ತು ಹುಟ್ಟುತ್ತದೆ. ಸುರುಳಿಯು ಅದನ್ನು ಸಾವಿರಾರು ವೋಲ್ಟುಗಳಿಗೆ ಏರಿಸುತ್ತದೆ. ಎರಡು ಹೊಡೆತದ ಇಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿಗಳು ಹಾರಬೇಕು!

ಇನ್ನು ಪರೀಕ್ಷೆಯ ಕ್ರಮ. ಔಷಧದ ಡಬ್ಬಿಯನ್ನು ಬರಿದುಮಾಡಿ ತೊಳೆಯಿರಿ. ಬಯಲಿನಲ್ಲಿ, ಪೆಟ್ರೋಲಿನ ಕ್ಯಾನನ್ನು ದೂರವಿಟ್ಟು, ಇಂಧನದ ನಲ್ಲಿಯನ್ನು ಮುಚ್ಚಿ, ಚೆಲ್ಲಿದ ಪೆಟ್ರೋಲನ್ನು ಒರೆಸಿ, ಆವಿ ಹೋದಮೇಲೆ ಕೈಹಾಕಬೇಕು. ಚಾಲೂ ಗುಂಡಿ ಸರಿಯಾಗಿದೆಯೇ ಎಂದು ಮೊದಲೇ ನೋಡಿರಿ. ಪ್ಲಗ್ ಬಿಚ್ಚಿ ಅದರ ಮೋರೆಯನ್ನು ಗಮನಿಸಿರಿ: ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ, ಕಪ್ಪು ಮಸಿ ಹಿಡಿದಿದ್ದರೆ ಉಜ್ಜಿ ತೆಗೆಯಬೇಕು, ನಸುಕಂದು ಬಣ್ಣವು ಆರೋಗ್ಯದ ಲಕ್ಷಣ. ಬಳಿಕ ಪ್ಲಗ್ಗಿಗೆ ಟೊಪ್ಪಿಗೆ ತೊಡಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿನ ಬರಿಯ ಲೋಹಕ್ಕೆ ಗಟ್ಟಿಯಾಗಿ ತಾಗಿಸಿರಿ. ಪ್ಲಗ್ಗಿನ ರಂಧ್ರವನ್ನು ಬಟ್ಟೆಯಿಂದ ಮುಚ್ಚಿ, ಕಿಡಿಯನ್ನು ಅದರಿಂದ ದೂರವಿಡಿರಿ. ಒಳಗಿನ ಆವಿ ಹೊರಚಿಮ್ಮಿ ಹೊತ್ತಿಕೊಳ್ಳಬಹುದು. ಬರಿಗೈಯಿಂದ ಹಿಡಿಯದೆ ರಬ್ಬರ್ ಹಿಡಿಕೆಯ ಇಕ್ಕಳದಿಂದ ಹಿಡಿದು, ನೆರಳಿನಲ್ಲಿ ಹಗ್ಗ ಜಗ್ಗಿರಿ.

ಚಟ್ಟೆಂದು ನೀಲಿ ಕಿಡಿ ಹಾರಿದರೆ ಶುಭ. ಮಂಕಾದ ಹಳದಿ ಕಿಡಿಯಾದರೆ ಸಂಶಯ. ಕಿಡಿಯೇ ಇಲ್ಲದಿದ್ದರೆ ಸರಿಯಿದ್ದ ಇನ್ನೊಂದು ಪ್ಲಗ್ಗಿನಿಂದ ನೋಡಿರಿ. ಅದರಿಂದಲೂ ಬಾರದಿದ್ದರೆ, ನಿಲ್ಲಿಸುವ ಗುಂಡಿಯ ತಂತಿ ಎಲ್ಲಾದರೂ ಲೋಹಕ್ಕೆ ತಾಗಿದೆಯೇ ಎಂದು ಹುಡುಕಿರಿ. ಸುರುಳಿಯ ಮೇಲೆ ತಪ್ಪು ಹೊರಿಸುವುದು ಕಟ್ಟಕಡೆಗೆ. ಅದೇ ದುಬಾರಿ ಭಾಗ.

ಒಂದು ಸೂಕ್ಷ್ಮವನ್ನು ಮರೆಯಬಾರದು. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಒಳಗಿನ ಒತ್ತಡದಲ್ಲಿ ಅದಕ್ಕೆ ಹೆಚ್ಚು ವೋಲ್ಟುಗಳು ಬೇಕು. ಆದುದರಿಂದ ಹೊರಗೆ ಕಿಡಿ ಕಾಣದಿದ್ದರೆ ದೋಷವು ನಿಶ್ಚಿತ. ಕಂಡರೆ ಮಾತ್ರ ನಿರ್ದೋಷವೆಂದು ನಿಶ್ಚಯಿಸಲಾಗದು.

ವಿದ್ಯಾರ್ಥಿಗಳೇ, ವಿಜ್ಞಾನದ ಜೀವಾಳವು ಇದೇ: ಒಂದೊಂದಾಗಿ ಪರೀಕ್ಷಿಸುವುದು, ಕಂಡಷ್ಟನ್ನೇ ನುಡಿಯುವುದು. ಆದರೆ ಹಿರಿಯರಿಲ್ಲದೆ ಈ ಕೆಲಸಕ್ಕೆ ಕೈಹಾಕಕೂಡದು. ಪಾಲಕರೇ, ಶಾಲೆಯಲ್ಲಿ ಕನ್ನಡದಲ್ಲಿ ಕಲಿತ ಅಯಸ್ಕಾಂತದ ಪಾಠವನ್ನು ಮಗನಾಗಲಿ ಮಗಳಾಗಲಿ ಹೊಲದ ಬದುವಿನಲ್ಲಿ ನಿಮಗೆ ಕನ್ನಡದಲ್ಲಿಯೇ ವಿವರಿಸಿದಾಗ ದಯಮಾಡಿ ಕಿವಿಗೊಡಿರಿ. ಕೈಗೆ ಮಸಿ ಹತ್ತಿದುದರಿಂದ ವಿದ್ಯೆಗೆ ಕುಂದಿಲ್ಲ. ವಿದ್ಯೆಯು ಹೊಲಕ್ಕೆ ಉಪಯೋಗವಾಗದಿದ್ದರೆ ನಾವು ಕಲಿಸಿದುದು ಅರ್ಧವೇ ಆದೀತು.